ಸೂಜಿಯ ಲೆಕ್ಕಕ್ಕೆ ಚೌಕಾಸಿ

ಮೊದಲು ಹೇಳಿದ ಮಾತನ್ನು ನಾನು ಯಾವತ್ತೂ ನಂಬಿದವಳಲ್ಲ. ಇದು ಗುಣವೋ ದೋಷವೋ ನೀವೇ ತೀರ್ಮಾನ ಮಾಡಿ. ಇಪ್ಪತ್ತೆರಡು ವರ್ಷ ಗಂಗೊಳ್ಳಿ ಬಂದರಿನಿಂದ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವಳು ನಾನು. ನಮ್ಮ ವ್ಯಾಪಾರದಲ್ಲಿ ಮೊದಲು ಹೇಳುವ ದರ ದರವೇ ಅಲ್ಲ, ಮಾತು ಶುರು ಮಾಡುವ ಕ್ರಮ ಅಷ್ಟೆ. ನಾನು ಒಂದು ಹೇಳುತ್ತೇನೆ, ಗಿರಾಕಿ ಅದರ ಅರ್ಧ ಹೇಳುತ್ತಾಳೆ, ನಾನು ಬುಟ್ಟಿ ಎತ್ತಿ ಹೊರಟ ಹಾಗೆ ಮಾಡುತ್ತೇನೆ, ಅವಳು ‘ಹ್ವಾಯ್, ನಿಲ್ಲಿ’ ಎಂದು ಕರೆಯುತ್ತಾಳೆ. ಎಲ್ಲೋ ನಡುವೆ ಇಬ್ಬರೂ ಒಪ್ಪುತ್ತೇವೆ. ಚೌಕಾಸಿ ಮಾಡದೆ ಬಂಗುಡೆ ತೆಗೆದುಕೊಂಡವಳನ್ನು ಕಂಡರೆ ನಮಗೆ ಅನುಮಾನ, ಇವಳಿಗೆ ನನ್ನ ಮೇಲೆ ಸಿಟ್ಟಿರಬೇಕು ಅಥವಾ ಮೀನು ನೋಡಲು ಬರುವುದಿಲ್ಲ ಎಂದು. ಜ್ವರಕ್ಕೆ ಡಾಕ್ಟರು ಐದು ದಿನದ ಗುಳಿಗೆ ಬರೆದರೆ ಮೂರು ದಿನಕ್ಕೆ ಇಳಿಸಿಕೊಂಡು ಬಂದವಳು ನಾನು.

ಈ ಬುದ್ಧಿಯನ್ನು ಹೊತ್ತುಕೊಂಡೇ ನಾನು ಸರ್ವೆ ಕೆಲಸಕ್ಕೆ ಸೇರಿದ್ದು. ಇದೇ ಬುದ್ಧಿಯಿಂದ ಒಬ್ಬ ಮನುಷ್ಯನನ್ನು ಮುಳುಗಿಸುವುದಕ್ಕೆ ಹೊರಟದ್ದು.

ಮೊಣಕಾಲು ಸವೆದು ಬುಟ್ಟಿ ಇಳಿಸಿದ ವರ್ಷ ಬ್ರಹ್ಮಾವರದ ಕಡೆಯ ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಸೂಜಿಯಲ್ಲಿ ಅಮಲಿನ ಮದ್ದು ಚುಚ್ಚಿಕೊಳ್ಳುವವರ ಸರ್ವೆಗೆ ಅವಳು ಮೇಲ್ವಿಚಾರಕಿ. ವರ್ಷಕ್ಕೊಮ್ಮೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ತಿರುಗಿ ಅಂಥವರನ್ನು ಕಂಡು ಕೇಳಬೇಕು: ಯಾವ ಮದ್ದು, ವಾರಕ್ಕೆ ಎಷ್ಟು ಸಲ, ಯಾರ ಸೂಜಿ. ಹೆಸರು ಬರೆಯುವ ಹಾಗಿಲ್ಲ, ಪ್ರತಿಯೊಬ್ಬರಿಗೂ ಒಂದು ನಂಬರು. ಹೋದ ವರ್ಷಕ್ಕಿಂತ ಈ ವರ್ಷ ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ತಿಳಿದರೆ ಚಟ ಬಿಡಿಸುವ ಮದ್ದನ್ನೂ ಹೊಸ ಸೂಜಿಯನ್ನೂ ಎಲ್ಲಿಗೆ ಕಳಿಸಬೇಕು ಎಂದು ತಿಳಿಯುತ್ತದೆ. ಗಂಗೊಳ್ಳಿಯಲ್ಲಿ ಹೋದ ವರ್ಷ ಕೇಳಿದವನು ಕೆಲಸ ಬಿಟ್ಟಿದ್ದ, ಈ ಸಲ ಅವಳಿಗೆ ಅಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಮುಚ್ಚಿದ ಬಾಗಿಲು ಆ ಊರಿನಲ್ಲಿ ಇಲ್ಲ ಎಂದು ಯಾರೋ ಹೇಳಿದ್ದರಂತೆ.

‘ಅಂಥವ್ರ್ ನಮ್ಮೂರಗೆ ಯಾರೂ ಇಲ್ಲೆ ಅಂದ್ಕಂಡ್ ಎಲ್ಲರೂ ಹೇಳ್ತ್ರ್ ಅಕ್ಕಾ’ ಎಂದಳು ಅವಳು, ನಾನು ಕೊಟ್ಟ ಚಾ ಕುಡಿಯುತ್ತ.

ನಾನು ಹಾಗೆ ಹೇಳಲಿಲ್ಲ. ಹೇಳಲು ಬಾಯಿ ಎಲ್ಲಿತ್ತು? ನನ್ನ ತಮ್ಮನೇ ಅಂಥವನಾಗಿದ್ದ. ಬೋಟಿನಲ್ಲಿ ಬಲೆ ಎಳೆದು ಸೊಂಟ ಹಿಡಿದಿತ್ತು, ಯಾರೋ ನೋವಿಗೆಂದು ಇಂಜೆಕ್ಷನ್ ಕೊಟ್ಟರು, ನೋವು ಹೋದ ಮೇಲೂ ಇಂಜೆಕ್ಷನ್ ಹೋಗಲಿಲ್ಲ. ಇನ್ನೊಬ್ಬರ ಸೂಜಿಯಿಂದ ಬಂದ ಕಾಮಾಲೆ ಅವನ ಲಿವರನ್ನು ತಿಂದು ಹಾಕಿತು. ಬೇಸಿಗೆಯ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿ ಊಟಕ್ಕೆ ಕೂರುತ್ತಿದ್ದ. ಊರೆಲ್ಲ ಕೇಳುವಂತೆ ಬಾಯಿ ಮಾಡುವ ನಾನು ‘ಅದೆಂತಕ್ಕೆ ಉದ್ದ ತೋಳು’ ಎಂದು ಒಂದು ದಿನವೂ ಕೇಳಲಿಲ್ಲ. ಬಡಿಸಿದೆ, ಎದ್ದೆ.

ಅವನು ಆಸ್ಪತ್ರೆಯಲ್ಲಿ ತೀರಿಕೊಂಡ ಮರುದಿನ, ಅವನ ಜೊತೆ ಒಂದೇ ಬೋಟಿನಲ್ಲಿ ದುಡಿಯುತ್ತಿದ್ದ ಮರವಂತೆಯ ಗೆಳೆಯ ಒಂದು ಅಕ್ಕಿ ಚೀಲ ಹಿಡಿದು ನಮ್ಮ ಅಂಗಳಕ್ಕೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಚೀಲ ಮೆಟ್ಟಿಲ ಮೇಲಿಟ್ಟು ಹೋದ. ಬಿಚ್ಚಿ ನೋಡಿದರೆ ತಮ್ಮನ ಚಪ್ಪಲಿ, ಬೋಟಿನಲ್ಲಿ ಉಳಿದದ್ದು. ತೊಳೆದು ಒರೆಸಿ ತಂದಿದ್ದ. ಆ ಗೆಳೆಯನ ಅಂಗಿಯೂ ಉದ್ದ ತೋಳಿನದೇ.

ಹಾಗಾಗಿ ಸರ್ವೆಗೆ ಬರುತ್ತೀರಾ ಎಂದು ಆ ಹುಡುಗಿ ಕೇಳಿದ ಕೂಡಲೇ ನಾನು ‘ಬತ್ತೆ’ ಎಂದೆ. ಒಂದು ಸಲ ಕೇಳದೆ ಉಳಿದದ್ದನ್ನು ಇನ್ನು ಊರವರನ್ನೆಲ್ಲ ಕೇಳುತ್ತೇನೆ ಎನ್ನುವ ಹಟ ಇತ್ತು.

ಬ್ರಹ್ಮಾವರದಲ್ಲಿ ಎರಡು ದಿನ ತರಬೇತಿ ಕೊಟ್ಟರು. ಪ್ರಶ್ನೆಯನ್ನು ಇದ್ದ ಹಾಗೆ ಕೇಳಿ, ಉತ್ತರವನ್ನು ಹೇಳಿದ ಹಾಗೆ ಬರೆಯಿರಿ ಎಂದರು. ನಾನು ತಲೆ ಅಲ್ಲಾಡಿಸಿದೆ. ಇಷ್ಟು ಸುಲಭದ್ದಕ್ಕೆ ಎರಡು ದಿನ ಯಾಕೆ ಎಂದು ಮನಸ್ಸಿನಲ್ಲೇ ನಗಾಡಿದೆ ಕೂಡ. ಮಧ್ಯಾಹ್ನದ ಊಟ ಚೆನ್ನಾಗಿತ್ತು.

ಗಂಗೊಳ್ಳಿಯಲ್ಲಿ ಕೆಲಸ ಶುರುವಾಯಿತು. ಐಸ್ ಪ್ಲಾಂಟಿನ ಹಿಂದೆ, ಬಲೆ ರಾಶಿ ಹಾಕುವ ಶೆಡ್ಡಿನ ನೆರಳಲ್ಲಿ, ಹೊಳೆಯ ಬದಿಯ ಒಡೆದ ದೋಣಿಗಳ ಮಧ್ಯೆ, ಎಲ್ಲಿ ಯಾರು ಕೂರುತ್ತಾರೆ ಎಂದು ನನಗೆ ಮೊದಲೇ ಗೊತ್ತು. ಬೇರೆಯವರನ್ನು ಕಂಡರೆ ಎದ್ದು ಹೋಗುವವರು ನನ್ನನ್ನು ಕಂಡು ‘ಬುಟ್ಟಿ ಎಲ್ಲ್ ಅಕ್ಕಾ’ ಎಂದು ಕೇಳುತ್ತಿದ್ದರು. ಮರವಂತೆಯ ಗೆಳೆಯನೂ ಆ ಶೆಡ್ಡಿನಲ್ಲೇ ಸಿಕ್ಕಿದ. ಹರಿದ ಬಲೆ ಹೆಣೆಯುತ್ತ ಕೂತಿದ್ದ.

‘ಏಳ್ ದಿನದಗೆ ಎಷ್ಟ್ ಸಲ ಹಾಕ್ಕಂಡೆ?’ ಎಂದು ಕೇಳಿದೆ.

‘ಹತ್ತ್’ ಎಂದ.

‘ಹತ್ತಾ? ಯಾರ್ ಹತ್ರ ಹೇಳ್ತಾ ಇದ್ದೆ ಮಗಾ? ನಾ ನಿನ್ನೆ ಬೆಳಿಗ್ಗೆ ಹುಟ್ಟಿದ್ದಾ?’

ಅವನು ನಕ್ಕ. ‘ಹದ್ನೈದ್ ಬರ್ಕಣಿ ಹಂಗಾರೆ.’

‘ನಿನ್ ಮುಖ ಕಂಡ್ರೆ ಹದ್ನೈದ್ ಅಂದ್ಕಂಡ್ ಕಾಂತಿಲ್ಲೆ.’

ಇಪ್ಪತ್ತಕ್ಕೆ ಬಂದು ನಿಂತಿತು. ನಾನು ಸಮಾಧಾನದಿಂದ ಇಪ್ಪತ್ತು ಎಂದು ಬರೆದೆ. ಅದು ನನ್ನ ಕೈಚಳಕ ಎಂದುಕೊಂಡಿದ್ದೆ. ಗಿರಾಕಿ ಮೊದಲು ಅರ್ಧ ಹೇಳುತ್ತಾನೆ, ಅವನನ್ನು ಮೇಲೆ ತರುವುದೇ ನನ್ನ ಕೆಲಸ, ಇದರಲ್ಲಿ ತಪ್ಪೇನು? ಅವರೂ ಅಷ್ಟೆ, ನನ್ನ ಹತ್ತಿರ, ನನ್ನ ತಾಯಿಯ ಹತ್ತಿರ ಚೌಕಾಸಿ ಮಾಡುತ್ತಲೇ ಬೆಳೆದವರು. ಒಂದೇ ಮಾತಿಗೆ ಕೂತರೆ ಅಕ್ಕನಿಗೆ ಬೇಜಾರಾದೀತು ಎನ್ನುವ ಮರ್ಯಾದೆಗೆ ಏರಿಸುತ್ತ ಹೋದರು. ಬಂದರಿನಲ್ಲಿ ಒಬ್ಬನನ್ನೂ ನಾನು ಮೊದಲ ಮಾತಿಗೆ ಬಿಡಲಿಲ್ಲ.

ಆದರೆ ಅವತ್ತು ಒಂದು ಒಳ್ಳೆಯದೂ ಆಯಿತು. ಹಾಳೆ ಮಡಚಿಟ್ಟು ನಾನು ಅವನಿಗೆ ಕುಂದಾಪುರದಲ್ಲಿ ಚಟ ಬಿಡಿಸುವ ಮದ್ದು ಕೊಡುವ ಒಂದು ಕೋಣೆಯ ವಿಷಯ ಹೇಳಿದೆ. ಅಲ್ಲಿ ದಿನಾ ಬೆಳಿಗ್ಗೆ ನರ್ಸ್ ಎದುರಿಗೇ ನಾಲಿಗೆ ಅಡಿಯಲ್ಲಿ ಒಂದು ಗುಳಿಗೆ ಇಡಿಸುತ್ತಾರೆ, ಅದು ಇದ್ದರೆ ಮೈ ಸೂಜಿ ಕೇಳುವುದಿಲ್ಲ. ಅವನು ಬಲೆ ಬದಿಗಿಟ್ಟ. ‘ನಿಮ್ ತಮ್ಮನ್ ಹತ್ರ ಯಾರೂ ಇದ್ ಹೇಳಲ್ಯಾ ಅಕ್ಕಾ?’ ಎಂದು ಕೇಳಿದ. ಇಲ್ಲ ಎಂದೆ. ಮರುದಿನ ಅವನು ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರಕ್ಕೆ ಬಂದ. ಅದರ ಮರುದಿನವೂ ಬಂದ. ಹನ್ನೊಂದು ದಿನ ಬಿಡದೆ ಬಂದ. ಬೆಳಿಗ್ಗೆ ಗುಳಿಗೆ, ಆಮೇಲೆ ಶೆಡ್ಡಿನ ಕೆಲಸ. ಮೈ ನಡುಕ ನಿಂತ ಮೇಲೆ ಮೊದಲಿನ ಹಾಗೆ ಬೋಟಿಗೆ ಹತ್ತುತ್ತೇನೆ, ಗುಳಿಗೆ ತೆಗೆದುಕೊಂಡ ಮೇಲೆ ಹೊರಟು ಸಂಜೆಗೆ ಬರುವ ಬೋಟಿಗೆ, ಎಂದು ಹೇಳಿಕೊಂಡಿದ್ದ.

ಆ ದಿನಗಳಲ್ಲೇ ಮೇಲ್ವಿಚಾರಕಿ ನನ್ನನ್ನು ಕರೆಸಿ ಕಂಪ್ಯೂಟರಿನಲ್ಲಿ ಕಂಬಗಳ ಚಿತ್ರ ತೋರಿಸಿದಳು. ಬ್ರಹ್ಮಾವರದ ಕಂಬ ಹೋದ ವರ್ಷದಷ್ಟೇ, ಕುಂದಾಪುರ ಪೇಟೆಯದ್ದು ಸ್ವಲ್ಪ ಗಿಡ್ಡ. ಗಂಗೊಳ್ಳಿಯದ್ದು ತೆಂಗಿನಮರದ ಹಾಗೆ ಒಂದೇ ಎದ್ದು ನಿಂತಿತ್ತು. ‘ಒಂದೇ ವರ್ಷದಗೆ ಹಿಂಗೆ ಆಪುಕೆ ಸಾಧ್ಯ ಇತ್ತಾ ಅಕ್ಕಾ?’ ಎಂದಳು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಉಳಿದವರಿಗೆ ಕೇಳಲು ಬರುವುದಿಲ್ಲ, ನನಗೆ ಬರುತ್ತದೆ ಎಂದುಕೊಂಡೆ.

ಆ ಕಂಬದ ಸುದ್ದಿ ಯಾವುದೋ ಮೀಟಿಂಗಿನಿಂದ ಬಂದರಿಗೆ ಇಳಿಯಲು ತಡವಾಗಲಿಲ್ಲ. ಗಂಗೊಳ್ಳಿಯಲ್ಲಿ ಸೂಜಿ ಒಂದಕ್ಕೆರಡಾಗಿದೆ ಎಂದು ಬೋಟಿನ ಮಾಲೀಕರು ಹೆದರಿದರು. ಬೋಟು ಹತ್ತುವ ಮೊದಲು ಪ್ರತಿಯೊಬ್ಬನೂ ಅಂಗಿಯ ತೋಳು ಮಡಚಿ ತೋರಿಸಬೇಕು ಎಂದು ಕಟ್ಟಳೆ ಮಾಡಿದರು. ಮರವಂತೆಯವನು ಬೋಟಿಗೆ ಹತ್ತಲು ಹೋದ ಬೆಳಿಗ್ಗೆ ಹರಾಜು ಕೂಗುವ ಕಟ್ಟೆಯ ಎದುರು ಎಲ್ಲರೂ ನೋಡುತ್ತಿರುವಾಗ ಅವನ ತೋಳು ಮಡಚಿಸಿದರು. ಹಳೆಯ ಗುರುತು ಎಲ್ಲಿ ಹೋಗುತ್ತದೆ? ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವನು ಹೇಳಿದನಂತೆ, ಯಾರೂ ಕೇಳಲಿಲ್ಲವಂತೆ. ತೋಳು ಇಳಿಸಿಕೊಂಡು ಹೋದವನು ಮರುದಿನ ರತ್ನಾಗಿರಿ ಕಡೆಯ ಬೋಟು ಹಿಡಿದ. ಫೋನು ಬಂದ್ ಆಯಿತು. ಹನ್ನೆರಡನೇ ದಿನದ ಗುಳಿಗೆ ಕೋಣೆಯಲ್ಲೇ ಉಳಿಯಿತು.

ನಾನು ಮಾಲೀಕರಿಗೆ ಬೈದೆ, ಮೀಟಿಂಗಿನವರಿಗೆ ಬೈದೆ. ನನಗೆ ಬೈದುಕೊಳ್ಳಬೇಕು ಎಂದು ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಬೈಂದೂರಿನಲ್ಲಿ. ಅಲ್ಲಿನ ಕೆಲಸ ಬಾಕಿ ಇತ್ತು, ಮೇಲ್ವಿಚಾರಕಿ ನನ್ನ ಜೊತೆ ಬಂದಿದ್ದಳು. ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಗೂಡಂಗಡಿಯ ಹಿಂದೆ ಲಾರಿಯ ಕ್ಲೀನರ್ ಒಬ್ಬನನ್ನು ಕೂರಿಸಿಕೊಂಡು ನಾನು ಕೇಳುತ್ತಿದ್ದೆ. ವಾರಕ್ಕೆ ಎರಡು ಎಂದ. ನಾನು ಪೆನ್ನು ಕಿವಿಗೆ ಸಿಕ್ಕಿಸಿ ಎದ್ದು ಹೊರಟ ಹಾಗೆ ಮಾಡಿದೆ. ‘ನಾಕ್ ಬರ್ಕಣಿ’ ಎಂದು ಅವನು ಕರೆದ. ನಾನು ತಿರುಗಿ ಕೂತೆ. ಆ ಹುಡುಗಿ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು.

‘ಅಕ್ಕಾ, ನೀವ್ ಎಂತ ಮೀನ್ ಮಾರ್ತಾ ಇದ್ರ್ಯಾ?’ ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ನಿನ್ನ ವಯಸ್ಸಿನಷ್ಟು ವರ್ಷ ನಾನು ಬುಟ್ಟಿ ಹೊತ್ತಿದ್ದೇನೆ, ಯಾರು ಸುಳ್ಳು ಹೇಳುತ್ತಾರೆ ಎಂದು ನನಗೆ ಕಲಿಸಬೇಡ ಎಂದು ರೇಗಿದೆ. ಅವಳು ಏರು ದನಿಯಲ್ಲಿ ಮಾತಾಡಲಿಲ್ಲ. ‘ಗಂಗೊಳ್ಳಿಯಗೂ ಹಿಂಗೇ ಕೇಂಡದ್ದಾ?’ ಎಂದಳು ಅಷ್ಟೆ. ಆಗ ನನಗೆ ಹೊಳೆಯಿತು. ಆ ತೆಂಗಿನಮರ ನೆಟ್ಟವಳು ನಾನೇ. ಅವನ ತೋಳು ಮಡಚಿಸಿದ್ದೂ ನಾನೇ. ವಾಪಸು ಬರುವಾಗ ಬಸ್ಸಿನಲ್ಲಿ ಮರವಂತೆ ಬಂತು. ಒಂದು ಬದಿ ಕಡಲು, ಒಂದು ಬದಿ ಹೊಳೆ, ಕಡಲ ಬದಿಯ ಕಲ್ಲಿನ ಗೋಡೆಯ ಹಿಂದೆ ಅವನ ಮನೆ. ನಾನು ಮುಖಕ್ಕೆ ಸೆರಗು ಹಿಡಿದು ಅತ್ತೆ. ಆ ಹುಡುಗಿ ಕಿಟಕಿಯ ಕಡೆ ನೋಡುತ್ತ ನನ್ನ ಕೈ ಹಿಡಿದುಕೊಂಡಿದ್ದಳು.

ಗಂಗೊಳ್ಳಿಯಲ್ಲಿ ನಾನು ಬರೆದ ಹಾಳೆಗಳನ್ನೆಲ್ಲ ಅವಳು ತೆಗೆದು ಬದಿಗಿಟ್ಟಳು. ಸರಿ ಮಾಡಿ ಬರೆಯೋಣ ಎಂದರೆ ಅವರು ಮೊದಲು ಹೇಳಿದ್ದನ್ನು ನಾನು ಬರೆದೇ ಇಲ್ಲ, ನೆನಪೂ ಇಲ್ಲ. ಮರವಂತೆಯವನ ಹತ್ತು ಒಂದು ಮಾತ್ರ ನೆನಪಿತ್ತು. ಆ ವರ್ಷ ಗಂಗೊಳ್ಳಿಯ ಜಾಗದಲ್ಲಿ ಕಂಬವೇ ಇಲ್ಲ, ಖಾಲಿ ಬಿಟ್ಟರು. ತನ್ನ ಮೇಲಿನವರಿಂದ ಅವಳು ಸಾಕಷ್ಟು ಬೈಗುಳ ತಿಂದಿರಬೇಕು, ನನಗೆ ಹೇಳಲಿಲ್ಲ. ‘ತಪ್ಪ್ ಲೆಕ್ಕಕ್ಕಿಂತ ಖಾಲಿ ಒಳ್ಳೇದ್ ಅಕ್ಕಾ. ಬಪ್ಪ ವರ್ಷ ನೀವೇ ಕೇಣಿ’ ಎಂದಳು. ನನ್ನನ್ನು ಕೆಲಸದಿಂದ ತೆಗೆಯುತ್ತಾಳೆ ಎಂದು ನಾನು ಕಾದಿದ್ದೆ.

ಮರುದಿನ ಬೆಳಿಗ್ಗೆ ಹರಾಜಿನ ಹೊತ್ತಿಗೆ ಬಂದರಿಗೆ ಹೋದೆ. ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ನನ್ನ ಹಳೆಯ ಜಾಗದಲ್ಲೇ ನಿಂತು ಗಂಟಲು ತೆಗೆದೆ. ‘ಹ್ವಾಯ್, ಕೇಣಿ ಎಲ್ಲರೂ! ಆ ಸೂಜಿ ಲೆಕ್ಕ ಸುಳ್ಳ್. ಸುಳ್ಳ್ ಬರದ್ದ್ ನಾನೇ. ಇನ್ನ್ ಯಾರದ್ದಾರೂ ತೋಳ್ ಮಡ್ಚ್‌ಸುದಾರೆ ಮೊದ್ಲ್ ನಂದ್ ಮಡ್ಚ್‌ಸಿ!’ ಕೆಲವರು ನಕ್ಕರು. ನನ್ನ ಗಂಟಲಿನ ಪರಿಚಯ ಇದ್ದ ಒಬ್ಬ ಮುದುಕ ಮಾಲೀಕರು ಹತ್ತಿರ ಬಂದು ‘ಹಂಗಾರೆ ಕಮ್ಮಿಯಾ?’ ಎಂದು ಕೇಳಿದರು. ‘ಗೊತ್ತಿಲ್ಲೆ. ಗೊತ್ತಿಲ್ದೆ ಇದ್ದದ್ದನ್ನ ಗೊತ್ತಿಲ್ಲೆ ಅಂಬುಕೆ ಈಗ ಕಲ್ತೆ. ಆರೆ ಗುಳಿಗೆ ತಕಂಬವನ್ನ ಬೋಟಿಂದ ಇಳ್ಸಿರೆ ಅವ ಎಲ್ಲಿಗ್ ಹೋತ?’ ಎಂದೆ. ಅವರು ತಮ್ಮ ಬೋಟಿನ ಕಡೆ ಹೋದರು. ಆದರೆ ಮುಂದಿನ ವಾರದಿಂದ ಅವರ ಬೋಟಿನಲ್ಲಿ ತೋಳು ನೋಡುವುದು ನಿಂತಿತು, ನೋಡುತ್ತ ನೋಡುತ್ತ ಉಳಿದವರೂ ಬಿಟ್ಟರು. ಎಲ್ಲರೆದುರು ಸಣ್ಣವಳಾದದ್ದಕ್ಕೆ ನನಗೆ ಬೇಸರ ಇರಲಿಲ್ಲ. ಹೋದವನು ವಾಪಸು ಬರಲಿಲ್ಲವಲ್ಲ ಎನ್ನುವುದೇ ಬೇಸರ.

ಆಮೇಲಿನ ತಿಂಗಳುಗಳಲ್ಲಿ ನಾನು ಬಾಯಿ ಮುಚ್ಚುವುದನ್ನು ಅಭ್ಯಾಸ ಮಾಡಿದೆ. ಬೇರೆಯವರಿಗೆ ಇದು ನಗೆಯ ವಿಷಯ, ನನಗೆ ಗಟ್ಟಿ ಹಲ್ಲನ್ನು ಕಿತ್ತು ತೆಗೆದ ಹಾಗೆ. ಕುಂದಾಪುರದ ಶನಿವಾರದ ಸಂತೆಗೆ ಹೋಗಿ ತರಕಾರಿಯವನು ಮೊದಲು ಹೇಳಿದ ದರಕ್ಕೇ ಬೆಂಡೆಕಾಯಿ ಕೊಂಡೆ. ಅವನು ನನ್ನನ್ನು ಬಾಲ್ಯದಿಂದ ಬಲ್ಲವನು. ‘ಹುಷಾರಿಲ್ಯಾ ಅಕ್ಕಾ?’ ಎಂದು ಕೇಳಿ ಹೆದರಿಕೊಂಡು ಎರಡು ಹಿಡಿ ಹೆಚ್ಚು ಹಾಕಿದ. ಮನೆಯಲ್ಲಿ ಗಂಡ ಊಟ ಸಾಕು ಎಂದರೆ ಸಾಕು, ಮತ್ತೊಂದು ಸೌಟು ಹಾಕುವುದಿಲ್ಲ. ಒಂದು ವಾರ ಅವರು ಅರೆಹೊಟ್ಟೆ ಎದ್ದರು ಎಂದು ಆಮೇಲೆ ತಿಳಿಯಿತು. ಅವರ ‘ಸಾಕು’ ಕೂಡ ಮೊದಲ ದರವೇ ಆಗಿತ್ತು.

ಮಳೆಗಾಲದ ರಜೆ ಬಂತು. ಬೋಟುಗಳು ಕಡಲಿಗೆ ಇಳಿಯಬಾರದ ಎರಡು ತಿಂಗಳು, ಉತ್ತರಕ್ಕೆ ಹೋದವರೆಲ್ಲ ಊರಿಗೆ ಬರುವ ಕಾಲ. ಈ ಸಲದ ಸರ್ವೆಯೂ ಆಗಲೇ. ನಾನು ಬಂದರಿನಲ್ಲಿ ಒಬ್ಬೊಬ್ಬರನ್ನೇ ಕೇಳಿ ಬರೆದೆ. ಮೊದಲು ಹೇಳಿದ್ದೇ ಬರೆದೆ. ಸುಮ್ಮನೆ ಕೂತರೆ ಜನ ಎಷ್ಟು ಮಾತಾಡುತ್ತಾರೆ ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ‘ನಂದೇ ಸೂಜಿ, ಬೇರೆಯವ್ರದ್ದ್ ಮುಟ್ಟುದಿಲ್ಲೆ’ ಎಂದು ಕೇಳದೆಯೇ ಹೇಳಿದವರು ಹಲವರಿದ್ದರು. ಹಾಳೆಯಲ್ಲಿ ಅದು ಒಂದು ಗೀಟು. ಆ ಗೀಟು ಹಾಕುವಾಗೆಲ್ಲ ತಮ್ಮನ ನೆನಪಾಗುತ್ತಿತ್ತು.

ಮರವಂತೆಯವನೂ ಬಂದಿದ್ದಾನೆ ಎಂದು ಐಸ್ ಪ್ಲಾಂಟಿನವರು ಹೇಳಿದರು. ಬದುಕಿದ್ದಾನೆ ಎಂದು ಕೇಳಿದ್ದೇ ಸಾಕಾಯಿತು. ಬಸ್ಸು ಹಿಡಿದು ಹೋದೆ. ಮಳೆ ಸ್ವಲ್ಪ ಹೊಳವಾಗಿತ್ತು. ಅವನು ಮನೆಯ ಜಗುಲಿಯಲ್ಲಿ ನೀಲಿ ಬಲೆ ಹರಡಿಕೊಂಡು ಕೂತಿದ್ದ. ಉದ್ದ ತೋಳು. ಕೆನ್ನೆ ಬತ್ತಿತ್ತು. ನನ್ನನ್ನು ಕಂಡು ಏಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.

‘ನಿನ್ ತೋಳ್ ಮಡ್ಚ್‌ಸಿದ್ ನಾನೇ. ಹತ್ತ್ ಅಂದದ್ದನ್ನ ಇಪ್ಪತ್ತ್ ಮಾಡಿ ಬರ್ದೆ. ತಪ್ಪಾಯ್ತ್ ಮಗಾ’ ಎಂದೆ. ಬಸ್ಸಿನಲ್ಲಿ ಉದ್ದಕ್ಕೆ ಏನೇನೋ ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಇಷ್ಟೇ.

‘ಬಂದ್ರಗೆ ನಿತ್ಕಂಡ್ ಕೂಗಿದ್ರಿ ಅಂಬ್ರ್’ ಎಂದ ಅವನು. ‘ರತ್ನಾಗಿರಿಗೂ ಸುದ್ದಿ ಬಂದಿತ್ತ್.’ ತುಟಿಯ ಕೊನೆಯಲ್ಲಿ ನಗು ಇತ್ತೋ ಇಲ್ಲವೋ. ಆಮೇಲೆ ತಾನೇ ಹೇಳಿದ: ಅಲ್ಲಿ ಹೋದ ಮೇಲೆ ಗುಳಿಗೆ ಇಲ್ಲದೆ ಮತ್ತೆ ಸೂಜಿ ಹಿಡಿದದ್ದು ನಿಜ, ಬೋಟು ಹೊರಗಿದ್ದ ದಿನಗಳಲ್ಲಿ ಹಲ್ಲು ಕಚ್ಚಿ ಬಿಟ್ಟದ್ದೂ ನಿಜ. ‘ಹನ್ನೊಂದ್ ದಿನ ಇದ್ದದ್ ನೆನ್ಪಿತ್ತ್ ಅಕ್ಕಾ. ಅದ್ ಮರೂಕೆ ಆಯಿಲ್ಲೆ.’

ನಾನು ಚೀಲದಿಂದ ಹಾಳೆ ತೆಗೆದೆ. ‘ಕೇಣ್ಲಾ?’ ಎಂದೆ. ಅವನು ತಲೆ ಆಡಿಸಿದ.

‘ಏಳ್ ದಿನದಗೆ ಎಷ್ಟ್ ಸಲ?’

‘ಎರಡ್’ ಎಂದ.

ನಾಲಿಗೆ ತುರಿಸಿತು. ಹತ್ತು ಎಂದವನು ಎರಡು ಎನ್ನುತ್ತಾನೆ. ನಂಬುವುದು ಹೇಗೆ? ನಾನು ಪೆನ್ನನ್ನು ಗಟ್ಟಿಯಾಗಿ ಹಿಡಿದು ಎರಡು ಎಂದು ಬರೆದೆ. ಅವನು ಬಲೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ, ನಾನು ಎದ್ದು ಹೊರಡುವ ಹಾಗೆ ಮಾಡುತ್ತೇನೆ ಎಂದು ಕಾದವನ ಹಾಗೆ.

‘ಎಂತ ಅಕ್ಕಾ, ಚೌಕಾಸಿ ಇಲ್ಯಾ?’

‘ಇಲ್ಲೆ. ನೀ ಹೇಳದ್ದೇ.’

ಮುಂದಿನ ಪ್ರಶ್ನೆಗೆ ಹೋದೆ, ಯಾರ ಸೂಜಿ ಎಂದು. ತನ್ನದೇ ಎಂದ. ಅದನ್ನೂ ಬರೆದೆ. ಕಡಲು ಗೋಡೆಯ ಕಲ್ಲಿಗೆ ಹೊಡೆಯುತ್ತಿತ್ತು. ಅವನು ಬಲೆಯ ಒಂದು ಕಣ್ಣು ಹೆಣೆದ, ಇನ್ನೊಂದು ಹೆಣೆದ, ಗಂಟು ಹಾಕಿ ದಾರ ಕತ್ತರಿಸಿದ.

‘ಮೂರ್ ಬರ್ಕಣಿ ಅಕ್ಕಾ’ ಎಂದ, ತಲೆ ಎತ್ತದೆ. ‘ಆಯ್ತವಾರ ಒಂದ್ ಇತ್ತ್.’

ನಾನು ಎರಡನ್ನು ಹೊಡೆದು ಹಾಕಿ ಮೂರು ಬರೆದೆ. ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ಯಾರೂ ಕೇಳದೆ ತಾನಾಗಿ ಏರಿಸಿದವರನ್ನು ನಾನು ಕಂಡಿರಲಿಲ್ಲ. ಕಣ್ಣು ಮಂಜಾಗಿ ಅಂಕೆ ಸ್ವಲ್ಪ ಸೊಟ್ಟಗಾಯಿತು.

ಹಾಳೆ ಮಡಚುವಾಗ ಅವನು ಕೇಳಿದ, ‘ಆ ಕೋಣಿ ಈಗ್ಳೂ ಒಂಬತ್ತಕ್ಕೇ ತೆಗಿತ್ರಾ?’

‘ಒಂಬತ್ತಕ್ಕೇ.’

‘ನಾಳೆ ಬತ್ತೆ.’

ಖಂಡಿತ ಬತ್ತ್ಯಾ ಎಂದು ಕೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಬತ್ತೆ ಎಂದಿದ್ದಾನೆ, ಅಷ್ಟು ಸಾಕು ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮರುದಿನ ಮಳೆಗೆ ಬಸ್ಸು ತಡವಾಯಿತು. ನಾನು ಕುಂದಾಪುರದ ಆ ಕೋಣೆ ಮುಟ್ಟುವಾಗ ಒಂಬತ್ತೂ ಕಾಲು. ಬಾಗಿಲ ಹೊರಗೆ, ಮಳೆನೀರು ತಾಗದ ಹಾಗೆ ಮೆಟ್ಟಿಲ ಮೇಲಕ್ಕೆ ಸರಿಸಿಟ್ಟ ಒಂದು ಜೊತೆ ಚಪ್ಪಲಿ ಇತ್ತು. ಪಟ್ಟಿಗೆ ಬಲೆಯ ನೀಲಿ ದಾರದಲ್ಲಿ ಹೊಲಿಗೆ ಹಾಕಿತ್ತು. ನಾನು ಒಳಗೆ ಹೋಗಲಿಲ್ಲ. ಚಪ್ಪಲಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, ಅದನ್ನು ಹಾಕಿಕೊಳ್ಳುವವನು ಹೊರಗೆ ಬರುವುದನ್ನು ಕಾದೆ.